ಆಲ್ವಿನಾಳ ನೆಲಮಾಳಿಗೆಯ ತೋಟಾಗಳು

ಮೆಲ್‌ಹಾಫರ ಮನೆಯ ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ಏಳನೆಯದು ಕಿರುಗುಟ್ಟುತ್ತದೆ, ಹನ್ನೊಂದನೆಯದು ಒಂದು ಬೆರಳು ತಗ್ಗು. ಕಣ್ಣು ಮುಚ್ಚಿಕೊಂಡೂ ಅವನ್ನು ಇಳಿಯಬಲ್ಲವಳು ಆಲ್ವಿನಾ ಒಬ್ಬಳೇ. ಗಂಡ ರೂಬೆನ್ ತೋಟಾ ಕೊಂಡು ತಂದು ಅಡುಗೆಮನೆಯ ಬಾಗಿಲಲ್ಲಿ ಇಳಿಸುವುದರಲ್ಲಿ ಶೂರ. ಅಲ್ಲಿಂದ ಮುಂದೆ ಅದನ್ನು ಕೆಳಗೆ ಹೊತ್ತು, ಒರೆಸಿ, ಚೀಟಿ ಅಂಟಿಸಿ, ಜಾಗ ನೋಡಿ ಇಡುವ ಕೆಲಸ ಮದುವೆಯಾದ ಮೂರನೇ ವರ್ಷದಿಂದಲೂ ಆಲ್ವಿನಾಳ ತಲೆಗೇ ಬಂದಿತ್ತು. ಮಾಡು ಎಂದು ಯಾರೂ ಹೇಳಿರಲಿಲ್ಲ, ಮಾಡಲೇ ಎಂದು ಅವಳೂ ಕೇಳಿರಲಿಲ್ಲ. ಒಮ್ಮೆ ಕೈ ಹಾಕಿದ ಕೆಲಸ ಹೆಂಗಸಿನ ಮೈಗೆ ಅಂಟಿಕೊಂಡುಬಿಡುವುದು ದಕ್ಷಿಣ ಡಕೋಟಾದಲ್ಲೂ ಹಾಗೆಯೇ.

ರೂಬೆನ್‌ಗೆ ಕುಡಿತವಿಲ್ಲ, ಜೂಜಿಲ್ಲ. ಇದ್ದದ್ದು ಒಂದೇ ಹೆದರಿಕೆ: ನಾಳೆ ಅಂಗಡಿಯಲ್ಲಿ ತೋಟಾ ಸಿಗದೆ ಹೋದರೆ? ಸರ್ಕಾರ ಬದಲಾದಾಗ ಕೊಂಡ, ಬದಲಾಗದೆ ಇದ್ದಾಗಲೂ ಕೊಂಡ. ಇಸವಿ ಎರಡು ಸಾವಿರ ಬಂದರೆ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಗುಲ್ಲೆದ್ದ ವರ್ಷ, ಪಿಕಪ್ಪಿನ ಹಿಂಬದಿ ನೆಲ ಮುಟ್ಟುವಷ್ಟು ತಂದ. ಕಂಪ್ಯೂಟರು ನಿಲ್ಲಲಿಲ್ಲ, ಆಲ್ವಿನಾಳ ಸೊಂಟ ಮಾತ್ರ ಹದಿನೈದು ದಿನ ನಿಂತಿತು. ಈಗ ಕೆಳಗೆ ಒಂದು ಗೋಡೆಗೆ ಅವಳ ಬೀಟ್‌ರೂಟ್, ಸೌತೆಕಾಯಿ, ಪೀಚ್ ಹಣ್ಣಿನ ಜಾಡಿಗಳು, ಎದುರು ಗೋಡೆಗೆ ಅವನ ಹಸಿರು ಉಕ್ಕಿನ ಪೆಟ್ಟಿಗೆಗಳು. ಎಲ್ಲ ಸೇರಿ ಮೂವತ್ತೆಂಟು ಸಾವಿರ ತೋಟಾ. ಆ ಊರಿನಲ್ಲಿ ಅದೇನೂ ಸುದ್ದಿಯಲ್ಲ. ಪಕ್ಕದ ಮನೆಯ ಡೆಲ್ಬರ್ಟ್ ಮಾತ್ರ, ಅವನು ಊರಿನ ಬೆಂಕಿ ದಳದ ಮುಖ್ಯಸ್ಥ ಬೇರೆ, ಆಗಾಗ ಬಾಗಿಲಲ್ಲಿ ನಿಂತು ಕಾಲೆಳೆಯುತ್ತಿದ್ದ: "ಅಲ್ಲ ಕಣೋ ರೂಬೆನ್, ಇಷ್ಟೊಂದು ಹೊಡೆಯೋಕೆ ಇಡೀ ರಾಜ್ಯದಲ್ಲಿ ಹಕ್ಕಿ ಇಲ್ವಲ್ಲೋ. ಮೋಡಕ್ಕೆ ಹೊಡೀತೀಯ?"

ಆಲ್ವಿನಾ ಇಪ್ಪತ್ತೇಳು ವರ್ಷ ಊರಿನ ಶಾಲೆಯ ಅಡುಗೆಮನೆಯಲ್ಲಿದ್ದವಳು. ಹಳೆಯದು ಮುಂದೆ, ಹೊಸದು ಹಿಂದೆ. ನೆಲಕ್ಕೆ ಏನೂ ತಾಗಬಾರದು. ಚೀಟಿಯಿಲ್ಲದ ಡಬ್ಬಿ ಇರಲೇಬಾರದು. ಅದೇ ಕಟ್ಟುನಿಟ್ಟನ್ನು ಗಂಡನ ತೋಟಾಗೂ ಹಚ್ಚಿದಳು. ಮೊದಮೊದಲು ರೂಬೆನ್ ರಟ್ಟಿನ ಡಬ್ಬಿಗಳನ್ನು ಮನೆ ಬಿಸಿ ಮಾಡುವ ಕುಲುಮೆಯ ಪಕ್ಕ, ಬಣ್ಣದ ಡಬ್ಬಗಳ ಜೊತೆ ಪೇರಿಸಿದ್ದ. ಅವನನ್ನು ತರಾಟೆಗೆ ತೆಗೆದುಕೊಂಡು ಎಲ್ಲವನ್ನೂ ಉತ್ತರದ ತಣ್ಣನೆ ಗೋಡೆಗೆ ಸಾಗಿಸಿದವಳು ಅವಳು. ಸಿಮೆಂಟಿನ ನೆಲ ಬೆವರುತ್ತದೆಂದು ಇಟ್ಟಿಗೆಯ ಮೇಲೆ ಹಲಗೆ ಹಾಸಿ, ಭಾರದ್ದನ್ನೆಲ್ಲ ಕೆಳಗಿನ ಸಾಲಿನಲ್ಲೇ ಇಟ್ಟಳು. ಮುಚ್ಚಳಕ್ಕೆ ರಬ್ಬರಿನ ಅಂಚಿರುವ ಪೆಟ್ಟಿಗೆಗಳನ್ನೇ ತರಿಸಿದಳು. ಒಳಗೆ ತೇವ ಹೀರುವ ಪೊಟ್ಟಣ ಇಟ್ಟು ಪ್ರತಿ ಅಕ್ಟೋಬರಿನಲ್ಲಿ ಬದಲಾಯಿಸುತ್ತಿದ್ದಳು. ಕೋವಿಗಳು ಮೇಲಿನ ಕೋಣೆಯ ಬೀಗದ ಕಪಾಟಿನಲ್ಲಿ, ಬೀಗದ ಕೈ ಅವಳ ಬಳಿ. ನೆಲಮಾಳಿಗೆಯ ಬಾಗಿಲ ಮೇಲೆ ಬೆಂಕಿ ದಳದವರಿಗೆ ಕಾಣುವ ಹಾಗೆ ಒಂದು ಕಾಗದ: ಒಳಗೇನಿದೆ, ಎಷ್ಟಿದೆ, ಯಾವ ಗೋಡೆಗಿದೆ.

ರೂಬೆನ್ ಹಾಕಿದ ನಿಯಮ ಒಂದೇ ಒಂದು. ಕೆಲಸದ ಮೇಜಿನ ಮೇಲಿನ ಹಲಗೆಗೆ ಬಡಗಿಯ ಪೆನ್ಸಿಲಿನಲ್ಲಿ ದಪ್ಪಗೆ ಬರೆದಿದ್ದ: ಒಂದು ಮೇಜಿಗೆ ಒಂದೇ ಬಗೆ. ಹನ್ನೆರಡು ಬೋರಿನ ತೋಟಾ ಮೇಜಿನ ಮೇಲಿದ್ದಾಗ ಇಪ್ಪತ್ತು ಬೋರಿನದು ಕೋಣೆಯೊಳಗೇ ಕಾಲಿಡಬಾರದು. ಹೆಸರಿಗೆ ಇಪ್ಪತ್ತು, ಗಾತ್ರದಲ್ಲಿ ಹನ್ನೆರಡಕ್ಕಿಂತ ಸಣ್ಣದು. ಕೈತಪ್ಪಿ ಹನ್ನೆರಡರ ನಳಿಗೆಗೆ ಇಪ್ಪತ್ತರ ತೋಟಾ ಹಾಕಿದರೆ ಅದು ಒಳಗೆ ಜಾರಿ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಕಿದವನಿಗೆ ಕಾಣುವುದಿಲ್ಲ, ನಳಿಗೆ ಖಾಲಿಯಿದೆ ಎಂದುಕೊಂಡು ಹಿಂದಿನಿಂದ ಹನ್ನೆರಡರದ್ದನ್ನು ತುಂಬಿ ಕೋವಿಯ ಕುದುರೆ ಎಳೆಯುತ್ತಾನೆ. ನಳಿಗೆ ಸೀಳುತ್ತದೆ. ಅದನ್ನು ಹಿಡಿದ ಕೈ ಎಲ್ಲಿರುತ್ತದೆ, ಕೆನ್ನೆ ಎಲ್ಲಿರುತ್ತದೆ ಎಂಬುದನ್ನು ಆ ಊರಿನ ಮಕ್ಕಳಿಗೂ ಹೇಳಬೇಕಾಗಿಲ್ಲ. ಅದಕ್ಕೇ ಈಚಿನ ಕಾಲದ ಇಪ್ಪತ್ತನ್ನೆಲ್ಲ ಹಳದಿ ಬಣ್ಣದಲ್ಲೇ ಮಾಡುತ್ತಾರೆ. ಮನೆಯಲ್ಲಿ ಹಳದಿಯಲ್ಲದ ಇಪ್ಪತ್ತು ಇದ್ದದ್ದು ಒಂದೇ ಡಬ್ಬಿ, ಆಲ್ವಿನಾಳ ಅಪ್ಪ ಅವಳ ಮದುವೆಗೆ ಮುಂಚೆ ಅವಳ ಪುಟ್ಟ ಕೋವಿಗೆಂದು ಕೊಡಿಸಿದ್ದು. ಇಪ್ಪತ್ತೈದು ತೋಟಾ, ಎಲ್ಲವೂ ಕೆಂಪು. ಅವಳು ಕೋವಿ ಹಿಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಅಪ್ಪ ಕೊಟ್ಟದ್ದೆಂದು ಅದನ್ನು ಹಾಗೇ ಉಳಿಸಿಕೊಂಡಿದ್ದಳು.

ಏಪ್ರಿಲಿನಲ್ಲಿ ರೂಬೆನ್‌ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ನಾಲಿಗೆ ಹೋಯಿತು. ಅವನು ಎಪ್ಪತ್ತು ಮೈಲಿ ದೂರದ ಆಸ್ಪತ್ರೆಯಲ್ಲಿ, ಇವಳು ದಿನಾ ಹೋಗುವುದು ಬರುವುದು. ಒಂಬತ್ತನೇ ದಿನ ಬೆಳಿಗ್ಗೆ ಜಾಡಿ ತರಲು ಕೆಳಗಿಳಿದರೆ ಕಾಲಿಗೆ ತಣ್ಣಗೆ ನೀರು ತಗುಲಿತು. ಹಿಮ ಕರಗಿದ ನೀರು ಗೋಡೆಯ ಬಿರುಕಿನಿಂದ ಇಳಿದು ಹಲಗೆಯ ಮಟ್ಟಕ್ಕೆ ಬಂದಿತ್ತು. ಉಕ್ಕಿನ ಪೆಟ್ಟಿಗೆಗಳಿಗೆ ಏನೂ ಆಗಿರಲಿಲ್ಲ. ಇನ್ನೂ ಪೆಟ್ಟಿಗೆ ಸೇರದೆ ರಟ್ಟಿನಲ್ಲೇ ಉಳಿದಿದ್ದ ಐದು ಡಬ್ಬಿ ಮಾತ್ರ ನೆನೆದು ಮುದ್ದೆಯಾಗಿದ್ದವು: ಹನ್ನೆರಡರದ್ದು ನಾಲ್ಕು, ಅವೂ ಕೆಂಪೇ, ಅಪ್ಪ ಕೊಡಿಸಿದ ಇಪ್ಪತ್ತರದ್ದು ಒಂದು.

ಒಂದೊಂದನ್ನೇ ಒರೆಸಿ, ಮೇಲೆ ತಂದು, ಅಡುಗೆಮನೆಯ ಮೇಜಿನ ಮೇಲೆ ಕೂಖೆನ್ ಎಂಬ ಸಿಹಿ ರೊಟ್ಟಿ ಬೇಯಿಸುವ ತಟ್ಟೆಗಳಲ್ಲಿ ಟವೆಲ್ ಹಾಸಿ ಹರಡಿದಳು. ಬೆಂಕಿಯ ಹತ್ತಿರ ತರಬಾರದೆಂದು ಫ್ಯಾನ್ ಹಚ್ಚಿದಳು. ಮೊದಲು ಹನ್ನೆರಡು ಒಣಗಲಿ, ಆಮೇಲೆ ಇಪ್ಪತ್ತು ತಂದರಾಯಿತು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಹನ್ನೊಂದಕ್ಕೆ ಆಸ್ಪತ್ರೆಯಲ್ಲಿರಬೇಕು, ಮೊಣಕಾಲು ಊದಿಕೊಂಡಿದೆ, ಮತ್ತೊಂದು ಸಲ ಇಳಿದು ಹತ್ತುವ ತ್ರಾಣ ಮೈಯಲ್ಲಿರಲಿಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿದಳು, ತಟ್ಟೆ ಬೇರೆ ಬೇರೆ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡಳು. ಅಷ್ಟರಲ್ಲಿ ಫೋನು ಬಂತು. ರೂಬೆನ್ ಹಾಸಿಗೆಯಿಂದ ಬಿದ್ದಿದ್ದಾನೆ, ಬೇಗ ಬನ್ನಿ. ತಟ್ಟೆಗಳನ್ನು ಎತ್ತುವಾಗ ಒಂದಿಷ್ಟು ಉರುಳಿದವು. ಬಾಚಿ ಎರಡು ಉಕ್ಕಿನ ಪೆಟ್ಟಿಗೆಗಳಿಗೆ ತುಂಬಿದಳು, ಎಣಿಸಿದಳು. ಹನ್ನೆರಡು, ನೂರು. ಇಪ್ಪತ್ತು, ಇಪ್ಪತ್ತೈದು. ಲೆಕ್ಕ ಸರಿಯಾಗಿತ್ತು. ಚೀಟಿ ಅಂಟಿಸಿ, ಪೆಟ್ಟಿಗೆಗಳನ್ನು ಕೆಳಗಿಟ್ಟು, ಕಾರು ಹತ್ತಿದಳು. ನೀರು ನುಗ್ಗಿದ ಸಂಗತಿಯನ್ನು ಗಂಡನಿಗೆ ಹೇಳಲೇ ಇಲ್ಲ. ಅವನ ತಲೆಗೆ ಯಾವ ಚಿಂತೆಯನ್ನೂ ಹಚ್ಚಬೇಡಿ ಎಂದು ವೈದ್ಯರು ಹೇಳಿದ್ದರು.

ಅವನನ್ನು ಮನೆಗೆ ತಂದ ಮೇಲೆ ಅವಳ ಲೋಕವೆಂದರೆ ಕಿಟಕಿಯ ಪಕ್ಕದ ಆ ಕುರ್ಚಿಯ ಸುತ್ತಳತೆ. ಉಣ್ಣಿಸು, ಒರೆಸು, ಎಬ್ಬಿಸು, ಕೂರಿಸು. ಅಂಚೆ ಡಬ್ಬದವರೆಗೆ ಹೋಗಿ ಬರುವಷ್ಟು ಹೊತ್ತು ಬಿಟ್ಟರೆ ಅವನನ್ನು ಒಂಟಿಯಾಗಿ ಬಿಟ್ಟದ್ದಿಲ್ಲ. ಅರವತ್ತೊಂಬತ್ತರ ಹೆಂಗಸು ತನಗಿಂತ ದಪ್ಪ ಗಂಡಸನ್ನು ದಿನಕ್ಕೆ ಎಂಟು ಸಲ ಎತ್ತುವುದೆಂದರೆ ಅದು ಪ್ರೀತಿಯೋ ಕೂಲಿಯೋ ಅವಳಿಗೇ ತಿಳಿಯದಂತಾಗಿತ್ತು. ಇಷ್ಟರ ನಡುವೆ ಕೆಳಗಿನ ಮೂವತ್ತೆಂಟು ಸಾವಿರ ಬೇರೆ. ಮಾರಿಬಿಡೋಣ, ಕೊಟ್ಟುಬಿಡೋಣ ಎಂದು ಅವಳು ಎಷ್ಟೋ ಸಲ ಬಾಯಿ ತೆರೆದಿದ್ದಳು. ಅವನ ಮುಖ ನೋಡಿ ಮುಚ್ಚಿಕೊಂಡಿದ್ದಳು. ಅದರ ಮೇಲೆ, ಆ ವರ್ಷ, ಎರಡು ಸಾವಿರದ ಹದಿಮೂರರಲ್ಲಿ, ರೂಬೆನ್ ಹೆದರಿದ್ದೇ ನಿಜವಾಗಿತ್ತು. ಅಂಗಡಿಗಳ ಕಪಾಟೆಲ್ಲ ಬರಿದು. ತೋಟಾ ಬಂದ ದಿನ ಜನ ಬಾಗಿಲು ತೆರೆಯುವ ಮೊದಲೇ ಸಾಲು ನಿಂತು ಖಾಲಿ ಮಾಡುತ್ತಿದ್ದರು. ಕುರ್ಚಿಯಲ್ಲಿ ಕೂತೇ ಅವನು ಅರ್ಧ ಮುಖದಲ್ಲಿ ನಗುತ್ತಿದ್ದ.

ಅಕ್ಟೋಬರಿನ ಮೂರನೇ ಶನಿವಾರ ಫೆಸೆಂಟ್ ಎಂಬ ಕಾಡುಕೋಳಿಯ ಬೇಟೆ ಶುರುವಾಗುವ ದಿನ. ಶುರುವಾಗುವುದು ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ, ಒಂದು ನಿಮಿಷ ಮುಂಚೆಯೂ ಇಲ್ಲ. ಊರಿನ ಸೈರನ್ ದಿನಾ ಹನ್ನೆರಡಕ್ಕೆ ಕೂಗುತ್ತದೆ. ಆ ದಿನ ಮಾತ್ರ ಊರಿಗೆ ಊರೇ ಹೊಲದ ಅಂಚಿನಲ್ಲಿ ಉಸಿರು ಬಿಗಿಹಿಡಿದು ಅದಕ್ಕೆ ಕಿವಿಗೊಟ್ಟಿರುತ್ತದೆ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ರೂಬೆನ್ ಹೋಗುವಂತಿರಲಿಲ್ಲ. ಅವನ ಬದಲು ಮಗಳು ಜೊಲೀನ್ ಹೊರಟಿದ್ದಳು, ಅಪ್ಪನ ಹಳೇ ಜೋಡುನಳಿಗೆ ಕೋವಿ ಹಿಡಿದು. ಹನ್ನೆರಡು ಬೋರಿನದು. ಅವಳಿಗೆ ನಲವತ್ತಮೂರು, ಅಪ್ಪ ಮೊದಲು ದುಡಿದ ಧಾನ್ಯದ ಗೋದಾಮಿನಲ್ಲೇ ಈಗ ಕೆಲಸ, ಅಪ್ಪನದೇ ಹಟ.

"ಒಂದು ಹುಂಜ ತಂದೇ ತರ್ತೀನಿ ಕಣಪ್ಪ. ಇಲ್ದಿದ್ರೆ ಡೆಲ್ಬರ್ಟ್ ಹೊಡೆದಿದ್ದನ್ನ ಕದ್ದಾದ್ರೂ ತರ್ತೀನಿ," ಎಂದಳು.

ಪೆಟ್ಟಿಗೆಯನ್ನು ಬೆಳಿಗ್ಗೆ ಅವಳೇ ಕೆಳಗಿನಿಂದ ಎತ್ತಿ ತಂದಿದ್ದಳು. ಚೀಟಿ ನೋಡಿ, ಹಳೆಯದು ಮುಂದೆ ಎಂಬ ಅಮ್ಮನ ಪಾಠದಂತೆ ಮುಂದಿದ್ದ ಪೆಟ್ಟಿಗೆಯನ್ನೇ ಆರಿಸಿದ್ದಳು. ಅಪ್ಪನ ಕುರ್ಚಿಯ ಪಕ್ಕದ ಸಣ್ಣ ಮೇಜಿನ ಮೇಲೆ ಅದನ್ನು ತೆರೆದಿಟ್ಟು ಕೋವಿ ತರಲು ಒಳಗೆ ಹೋದಳು. ಆಲ್ವಿನಾ ಅಡುಗೆಮನೆಯಲ್ಲಿ ಕೂಖೆನ್ ಕತ್ತರಿಸುತ್ತಿದ್ದಳು. ಮಗಳು ಹೊರಡುವಾಗ ನೂರು ತೋಟಾ ಯಾಕೆ ಎಂದು ಕೇಳಿದಳು.

"ನಮ್ಮ ಗುಂಪಲ್ಲಿ ಯಾರ ಹತ್ರಾನೂ ಇಲ್ಲಮ್ಮ. ಎಲ್ಲರ ಜೇಬೂ ತೂತು. ಡೆಲ್ಬರ್ಟ್ ಬಾಯಿಬಿಟ್ಟು ಕೇಳಿದಾನೆ, ಮೋಡಕ್ಕೆ ಹೊಡೀತೀಯ ಅಂತ ಅಂತಿದ್ದೋನು. ಇವತ್ತು ಅಪ್ಪನ್ನ ಹೊಗಳಿಸ್ದೆ ಬಿಡಲ್ಲ ನಾನು."

ರೂಬೆನ್ ಗೊಳ್ಳೆಂದು ನಕ್ಕ. ಏಪ್ರಿಲಿನಿಂದ ಈಚೆಗೆ ಅಂಥ ನಗು ಅವಳು ಕೇಳಿರಲಿಲ್ಲ.

ಮಗಳು ಹೋದ ಮೇಲೆ ಅವನಿಗೆ ಕಂಬಳಿ ಹೊದಿಸಿ, ಅವನು ತೂಕಡಿಸಲು ಶುರುಮಾಡಿದ್ದನ್ನು ನೋಡಿ, ಆಲ್ವಿನಾ ತೇವ ಹೀರುವ ಹೊಸ ಪೊಟ್ಟಣಗಳನ್ನು ಹಿಡಿದು ಕೆಳಗಿಳಿದಳು. ಅಕ್ಟೋಬರಿನ ಕೆಲಸ ಅಕ್ಟೋಬರಿನಲ್ಲೇ ಆಗಬೇಕು. ಮೂರ್ನಾಲ್ಕು ಪೆಟ್ಟಿಗೆ ಮುಗಿಸಿ ತನ್ನ ಅಪ್ಪ ಕೊಡಿಸಿದ ಇಪ್ಪತ್ತರ ಪೆಟ್ಟಿಗೆ ತೆರೆದಳು. ಪೊಟ್ಟಣ ತೆಗೆಯಲು ಕೈ ಹಾಕಿದಾಗ ಹೆಬ್ಬೆರಳಿಗೆ ಒಂದು ತೋಟಾ ದಪ್ಪ ಅನ್ನಿಸಿತು. ಎತ್ತಿ ಬಲ್ಬಿನ ಕೆಳಗೆ ಹಿಡಿದಳು. ಹಿತ್ತಾಳೆಯ ಬುಡದ ಮೇಲೆ ಹನ್ನೆರಡು ಎಂದು ಕೊರೆದಿತ್ತು.

ಎಲ್ಲವನ್ನೂ ಮೇಜಿನ ಮೇಲೆ ಸುರಿದಳು. ಸಣ್ಣವು ಇಪ್ಪತ್ತೊಂದು. ದಪ್ಪನೆಯವು ನಾಲ್ಕು. ಅಂದರೆ ಇವುಗಳ ಜಾಗದಲ್ಲಿ ಇರಬೇಕಾಗಿದ್ದ ಇಪ್ಪತ್ತರ ನಾಲ್ಕು, ಅವೂ ಕೆಂಪೇ, ಮಗಳು ಹೊತ್ತುಕೊಂಡು ಹೋದ ಪೆಟ್ಟಿಗೆಯಲ್ಲಿವೆ. ಏಪ್ರಿಲಿನ ಆ ಬೆಳಿಗ್ಗೆ, ಉರುಳಿದ ತಟ್ಟೆ, ಸರಿಬಿದ್ದ ಲೆಕ್ಕ, ಎಲ್ಲ ಒಮ್ಮೆಗೇ ಕಣ್ಣೆದುರು ಬಂತು. ಎರಡೂ ಕಡೆ ಲೆಕ್ಕ ಸರಿಯಾಗಿದ್ದದ್ದು ಇದಕ್ಕೇ. ತಲೆಯೆತ್ತಿದರೆ ಹಲಗೆಯ ಮೇಲೆ ರೂಬೆನ್‌ನ ದಪ್ಪ ಅಕ್ಷರ.

ಹದಿನಾಲ್ಕು ಮೆಟ್ಟಿಲನ್ನು ಹೇಗೆ ಹತ್ತಿದಳೋ. ಅಡುಗೆಮನೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತೆಂಟು. ಜೊಲೀನ್‌ಗೆ ಫೋನು ಮಾಡಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಬೇಟೆಗೆ ಹೋದಾಗ ಅವಳು ಫೋನನ್ನು ಪಿಕಪ್ಪಿನಲ್ಲೇ ಬಿಡುತ್ತಾಳೆ, ಡೆಲ್ಬರ್ಟನಿಗೆ ಮೊಬೈಲೇ ಇಲ್ಲ. ಚರ್ಚಿಗೆ ಮಾಡಿದಳು, ಯಾರಾದರೂ ಬಂದು ರೂಬೆನ್ ಹತ್ತಿರ ಕೂತಿರಲಿ ಎಂದು. ಅಲ್ಲಿ ಹೊರ ಊರಿನ ಬೇಟೆಗಾರರಿಗೆ ಊಟ ಬಡಿಸುವ ಗದ್ದಲ, ಯಾರೂ ಎತ್ತಲಿಲ್ಲ. ಪೊಲೀಸರಿಗೆ ಮಾಡಿದರೆ ಅವರಿದ್ದದ್ದು ಜಿಲ್ಲೆಯ ಆ ತುದಿಯಲ್ಲಿ, ಬರಲು ನಲವತ್ತು ನಿಮಿಷ ಬೇಕೆಂದರು. ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲರೂ ಹೊಲದಲ್ಲಿ.

ಗಂಡನ ಮುಂದೆ ಬಂದು ನಿಂತಳು. ಅವನು ಕಣ್ಣು ತೆರೆದ.

"ರೂಬೆನ್, ತಪ್ಪು ಮಾಡಿಬಿಟ್ಟಿದೀನಿ. ಜೊಲೀನ್ ಒಯ್ದಿರೋ ಪೆಟ್ಟಿಗೇಲಿ ಇಪ್ಪತ್ತು ಬೆರೆತಿದೆ. ನಾಲ್ಕು. ನನ್ನಪ್ಪನ ಕೆಂಪು ಇಪ್ಪತ್ತು. ನಾನು ಹೋಗ್ಬೇಕು. ನೀನು ಅಲುಗಾಡ್ಬೇಡ, ಕೈಮುಗೀತೀನಿ, ಕುರ್ಚಿ ಬಿಟ್ಟು ಏಳ್ಬೇಡ."

ಅವನ ಅರ್ಧ ಬಾಯಿ ಒದ್ದಾಡಿತು. "ಹೋ... ಗು," ಎಂದ.

ಹೊಲ ಐದು ಮೈಲಿ, ಅದರಲ್ಲಿ ನಾಲ್ಕು ಜಲ್ಲಿ ರಸ್ತೆ. ಮುದಿ ಕಾರನ್ನು ಅವಳು ಅಷ್ಟು ಜೋರಾಗಿ ಎಂದೂ ಓಡಿಸಿರಲಿಲ್ಲ. ದಾರಿಯುದ್ದಕ್ಕೂ ಅವಳ ಕಣ್ಣ ಮುಂದಿದ್ದದ್ದು ಜೊಲೀನಳ ಎಡಗೈ, ನಳಿಗೆಯ ಕೆಳಗೆ ಹಿಡಿಯುವ ಕೈ. ಒಂದನೇ ತರಗತಿಯಲ್ಲಿ ಪೆನ್ಸಿಲ್ಲನ್ನೂ ಎಡಗೈಯಲ್ಲೇ ಹಿಡಿಯುತ್ತಿದ್ದ ಹುಡುಗಿ. ದೇವರೇ, ನನ್ನ ಸುಸ್ತಿಗೆ ಅವಳ ಕೈ ತೆಗೆದುಕೊಳ್ಳಬೇಡಪ್ಪಾ ಎಂದು ಗಟ್ಟಿಯಾಗಿಯೇ ಹೇಳಿಕೊಂಡಳು.

ಹೊಲದ ಬದಿಗೆ ಬಂದಾಗ ಹನ್ನೆರಡಕ್ಕೆ ಹದಿನೈದು ನಿಮಿಷ. ಕೊಯ್ಲಾದ ಜೋಳದ ಹೊಲ, ಅದರ ನಡುವೆ ಜೊಂಡು ಬೆಳೆದ ತಗ್ಗು. ಆರು ಕಿತ್ತಳೆ ಟೋಪಿಗಳು ಆ ತಗ್ಗಿನ ಆಚೆ ಅಂಚಿನಲ್ಲಿ, ಅರ್ಧ ಮೈಲಿ ದೂರದಲ್ಲಿ, ಸಾಲಾಗಿ ನಿಂತಿದ್ದವು. ಗಾಳಿ ಅತ್ತಲಿಂದ ಇತ್ತ ಬೀಸುತ್ತಿತ್ತು. ಇಳಿದು ಕೂಗಿದಳು. ದನಿ ಅವಳ ಬಾಯಿಗೇ ವಾಪಸು ಬಂತು. ನಾಲ್ಕು ಹೆಜ್ಜೆ ಓಡಿದಳು, ಜೋಳದ ಕೂಳೆಗೆ ಎಡವಿ ಮೊಣಕಾಲು ಮಡಚಿಕೊಂಡಿತು. ಎದ್ದು ಕಾರಿಗೆ ವಾಪಸು ಬಂದಳು.

ಹಾರ್ನ್ ಇತ್ತು. ಆದರೆ ಬೇಟೆ ಶುರುವಾಗುವ ದಿನ ಹನ್ನೆರಡಕ್ಕೆ ಮುಂಚೆ ಹೊಲದ ಬದಿಯಲ್ಲಿ ಕಾರಿನ ಬಾಗಿಲನ್ನೂ ಜೋರಾಗಿ ಹಾಕಬಾರದು. ಜೊಂಡಿನಲ್ಲಿ ಕುಳಿತ ಹಕ್ಕಿ ಎದ್ದರೆ ಮುಗಿಯಿತು, ಆ ದಿನ ತಿರುಗಿ ಬರುವುದಿಲ್ಲ. ಜನ ಇದಕ್ಕಾಗಿ ವರ್ಷವಿಡೀ ಕಾಯುತ್ತಾರೆ, ದೂರದೂರಿನಿಂದ ರಜೆ ಹಾಕಿ ಬರುತ್ತಾರೆ. ಆ ಊರಲ್ಲಿ ಹುಟ್ಟಿ ಬೆಳೆದವರು ಬಾವಿಗೆ ಬೇಕಾದರೂ ಬೀಳುತ್ತಾರೆ, ಆ ಹೊತ್ತಿನಲ್ಲಿ ಹಾರ್ನ್ ಹೊಡೆಯುವುದಿಲ್ಲ.

ಆಲ್ವಿನಾ ಎರಡೂ ಮೊಣಕೈ ಊರಿ ಹಾರ್ನ್ ಒತ್ತಿದಳು. ಬಿಡಲಿಲ್ಲ.

ಜೊಂಡು ಒಡೆದಂತಾಯಿತು. ಹುಂಜಗಳು ಕಕ್ ಕಕ್ ಎಂದು ಕಿರಿಚುತ್ತ ಎದ್ದವು. ನೂರೋ ನೂರೈವತ್ತೋ, ಕೆಂಪು ಕೆನ್ನೆ, ಉದ್ದನೆ ಬಾಲ, ಆರೂ ಜನರ ತಲೆಯ ಮೇಲೆಯೇ ಹಾರಿ ದಕ್ಷಿಣಕ್ಕೆ ಹೋದವು. ಯಾರೂ ಕುದುರೆ ಎಳೆಯಲಿಲ್ಲ, ಹನ್ನೆರಡಾಗಿರಲಿಲ್ಲವಲ್ಲ. ಟೋಪಿಗಳೆಲ್ಲ ಒಟ್ಟಿಗೇ ಇವಳತ್ತ ತಿರುಗಿದವು.

ಮೊದಲು ಬಂದವನು ಡೆಲ್ಬರ್ಟ್. ಕೋಪಕ್ಕೆ ಅವನ ಕುತ್ತಿಗೆಯೂ ಟೋಪಿಯ ಬಣ್ಣಕ್ಕೆ ತಿರುಗಿತ್ತು. "ಏನಮ್ಮಾ ಆಲ್ವಿನಾ, ತಲೆ ಕೆಟ್ಟಿದೆಯಾ? ಇಡೀ ಜಿಲ್ಲೆ ಹಕ್ಕೀನ ಎಬ್ಬಿಸಿ ಕಳಿಸಿದ್ಯಲ್ಲ! ಒಂದ್ವರ್ಷ ಕಾದಿದೀವಿ ಕಣೆ, ಒಂದ್ವರ್ಷ!"

ಅವನ ಹಿಂದೆ ಜೊಲೀನ್ ಓಡಿ ಬಂದಳು, ಬಿಳಿಚಿಕೊಂಡು. "ಅಪ್ಪನಿಗೇನಾಯ್ತಮ್ಮ?"

"ಅಪ್ಪನಿಗಲ್ಲ. ಕೋವಿ ತೆಗಿ, ತುಂಬಿದೀಯಾ?"

"ಇನ್ನೂ ಇಲ್ಲ. ಸೈರನ್ ಆಗದೆ ತುಂಬ್ತೀನಾ ನಾನು, ಅಪ್ಪನ ಮಗಳು?"

ಆಲ್ವಿನಾ ಕಾರಿಗೆ ಒರಗಿ ನಿಂತು ಎಲ್ಲರೆದುರೇ ಹೇಳಿದಳು. ನೀರು ನುಗ್ಗಿದ್ದು, ಒಂದೇ ಮೇಜಿನ ಮೇಲೆ ಎರಡು ಬಗೆ ಹರಡಿದ್ದು, ಬಾಚಿ ತುಂಬಿದ್ದು. ತಪ್ಪನ್ನು ಯಾರ ಮೇಲೂ ಹಾಕಲಿಲ್ಲ, ಫೋನಿನ ಮೇಲೂ ಹಾಕಲಿಲ್ಲ. ಮಾತು ಮುಗಿಯುವ ಮೊದಲೇ ಡೆಲ್ಬರ್ಟನ ಮುಖದಿಂದ ಕೋಪ ಇಳಿದುಹೋಗಿತ್ತು. ಅವನು ಹಿಂದಿರುಗಿ ಒಂದೇ ಮಾತು ಕೂಗಿದ: "ಕೋವಿ ಎಲ್ಲ ಬಿಚ್ಚಿ ಕೆಳಗಿಡ್ರೋ. ಜೇಬು ಖಾಲಿ ಮಾಡಿ."

ಪಿಕಪ್ಪಿನ ಹಿಂಬಾಗಿಲನ್ನು ಇಳಿಸಿ ಅದರ ಮೇಲೆ ಎಲ್ಲರೂ ಸುರಿದರು. ಆರು ಕೋವಿಯ ನಳಿಗೆಗಳನ್ನು ಒಂದೊಂದಾಗಿ ಆಕಾಶಕ್ಕೆ ಹಿಡಿದು ನೋಡಿದರು. ಎಲ್ಲದರಲ್ಲೂ ಆ ತುದಿಯಿಂದ ದುಂಡನೆಯ ಬೆಳಕು ಕಂಡಿತು. ಡೆಲ್ಬರ್ಟ್ ತೋಟಾಗಳನ್ನು ಒಂದೊಂದೇ ತಿರುಗಿಸಿ ಬುಡ ಓದತೊಡಗಿದ. ಇಪ್ಪತ್ತರ ಮೊದಲನೆಯದು ಪೆಟ್ಟಿಗೆಯ ತಳದಲ್ಲೇ ಸಿಕ್ಕಿತು. ಇನ್ನೊಂದು ಜೊಲೀನಳ ರಾಶಿಯಲ್ಲಿ. ಮೂರನೆಯದು ಅವನ ಜೇಬಿನಿಂದಲೇ ಬಂದದ್ದು. ಅದನ್ನು ಅವನು ಮಿಕ್ಕವುಗಳಿಂದ ದೂರ, ಹಿಂಬಾಗಿಲಿನ ತುದಿಯಲ್ಲಿ ಇಟ್ಟ. ಆಗ ಊರಿನ ಕಡೆಯಿಂದ ಸೈರನ್ ಕೂಗಿತು, ತೆಳ್ಳಗೆ. ಸುತ್ತಲಿನ ಹೊಲಗಳಲ್ಲಿ ಈಡುಗಳು ಢಂ ಢಂ ಎಂದು ಶುರುವಾದವು. ಇವರ ಹೊಲದಲ್ಲಿ ಯಾರೂ ತಲೆಯೆತ್ತಲಿಲ್ಲ.

ನಾಲ್ಕನೆಯದು ಸಿಗಲಿಲ್ಲ. ಎರಡು ಸಲ ಎಣಿಸಿದರು. ಎಲ್ಲ ಸೇರಿ ನೂರಕ್ಕೆ ಒಂದು ಕಡಿಮೆ. ಜೇಬುಗಳ ಒಳ ಹೊಲಿಗೆ ತಡಕಿದರು, ನಡೆದು ಬಂದ ದಾರಿಯಲ್ಲಿ ಬಗ್ಗಿ ಕೂಳೆಯ ನಡುವೆ ಹುಡುಕಿದರು. ಒಂದೂವರೆ ಗಂಟೆ. ಒಂದು ಹೆಬ್ಬೆರಳಿನಷ್ಟು ಉದ್ದದ ಕೆಂಪು, ಅರ್ಧ ಮೈಲಿ ಜೋಳದ ಕೂಳೆಯಲ್ಲಿ.

"ಬಿಡು ಆಲ್ವಿನಾ," ಎಂದ ಡೆಲ್ಬರ್ಟ್ ಕೊನೆಗೆ. "ಇವತ್ತು ಇದರಲ್ಲಿ ಒಂದನ್ನೂ ಯಾರೂ ತುಂಬಲ್ಲ. ನಮ್ಮ ಹತ್ರ ಬೇರೆ ಇಲ್ಲ. ಬೇಟೆ ಮುಗೀತು." ಮೂರು ತೋಟಾಗಳನ್ನು ಅವಳ ಅಂಗೈಗೆ ಹಾಕಿ ಬೆರಳು ಮಡಚಿದ. "ನೀನು ಹಾರ್ನ್ ಹೊಡೆದಿದ್ದಕ್ಕೆ ಬಯ್ದೆ. ಮನಸ್ಸಿಗೆ ಹಚ್ಕೋಬೇಡ. ಹೋಗು, ರೂಬೆನ್ ಒಬ್ನೇ ಇದಾನೆ."

"ನೀನು ಮುಂದೆ ನಡಿಯಮ್ಮ, ಇದನ್ನೆಲ್ಲ ತುಂಬ್ಕೊಂಡು ಹಿಂದೇನೇ ಬರ್ತೀನಿ," ಎಂದಳು ಜೊಲೀನ್.

ವಾಪಸು ಬರುವಾಗ ಅವಳಿಗೆ ಅಳುವಷ್ಟೂ ಶಕ್ತಿ ಇರಲಿಲ್ಲ. ಮಗಳ ಕೈ ಉಳಿಯಿತು ಎಂಬ ಸಂತೋಷ ಆಗಬೇಕಿತ್ತು. ಆಯಿತು ಕೂಡ. ಆದರೆ ಆ ನಾಲ್ಕನೆಯದು ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿತ್ತು. ಎಲ್ಲೋ ಇದೆ. ಯಾರದೋ ಕೈಗೆ ಸಿಗುತ್ತದೆ, ಮುಂದಿನ ವಾರವೋ ಮುಂದಿನ ವರ್ಷವೋ, ಕೆಂಪಗಿದೆಯಲ್ಲ ಎಂದು ಜೇಬಿಗೆ ಹಾಕಿಕೊಳ್ಳುತ್ತಾರೆ. ನಲವತ್ತು ವರ್ಷ ಒಂದು ಚೀಟಿ ತಪ್ಪದ ಹಾಗೆ ಇಟ್ಟವಳ ಕೈಯಿಂದ.

ಅಡುಗೆಮನೆಯ ಬಾಗಿಲು ತೆರೆದರೆ ಫೋನು ಗೋಡೆಯಿಂದ ಜೋತುಬಿದ್ದಿತ್ತು. ಕುರ್ಚಿ ಖಾಲಿ. ಕಂಬಳಿ ನೆಲದ ಮೇಲೆ ಉದ್ದಕ್ಕೆ ಎಳೆದುಕೊಂಡು ಬಂದಿತ್ತು. ಅದರ ತುದಿಯಲ್ಲಿ ರೂಬೆನ್, ನೆಲಮಾಳಿಗೆಯ ಬಾಗಿಲಿಗೆ ಬೆನ್ನು ಕೊಟ್ಟು, ಕೆಟ್ಟ ಕಾಲು ಅಡಿಯಲ್ಲಿ ಮಡಚಿಕೊಂಡು ಕೂತಿದ್ದ. ಹಣೆಯ ಮೇಲೆ ಒಂದು ತರಚು. ಅವಳನ್ನು ಕಂಡವನೇ ಎಡಗೈ ಮುಂದೆ ಚಾಚಿ ಬೆರಳು ಬಿಚ್ಚಿದ. ಅಂಗೈ ಮೇಲೆ ಒಂದು ಕೆಂಪು ತೋಟಾ.

"ಸ... ಣ್ಣದು," ಎಂದ.

ನಲವತ್ತು ವರ್ಷದ ಆ ಹುಚ್ಚು ಅವಳಿಗೆ ಆಗ ನೆನಪಾಯಿತು. ಬೇಟೆ ಶುರುವಾಗುವ ದಿನದ ಮೊದಲ ತೋಟಾ ಅವನ ಅಂಗಿಯ ಎಡ ಜೇ‌ಬಿನಿಂದಲೇ ಬರಬೇಕು. ಬೆಳಿಗ್ಗೆ ಎದ್ದ ಕೂಡಲೇ ಒಂದನ್ನು ಆರಿಸಿ ಎದೆಗೆ ಇಟ್ಟುಕೊಳ್ಳುತ್ತಿದ್ದ. ಹೊಡೆಯದೆ ಬಂದ ವರ್ಷ ಸೋಮವಾರ ಅಂಗಿ ಒಗೆಯುವಾಗ ಅದನ್ನು ತೆಗೆದಿಡುತ್ತಿದ್ದವಳು ಅವಳೇ. ಈ ವರ್ಷ ಅವನಿಗೆ ಬೇಟೆಯಿಲ್ಲ ಎಂದು ಅವಳು ಆ ಮಾತನ್ನೇ ಮರೆತಿದ್ದಳು. ಅವನು ಮರೆತಿರಲಿಲ್ಲ. ಮಗಳು ಕೋವಿ ತರಲು ಹೋದಾಗ ತೆರೆದಿಟ್ಟ ಪೆಟ್ಟಿಗೆಯಿಂದ ಎಡಗೈಯಲ್ಲೇ ಒಂದನ್ನು ತೆಗೆದುಕೊಂಡಿದ್ದ. ಅವಳು ಹೋದ ಮೇಲೆ ಜೇಬಿನದು ಸಣ್ಣದೆಂದು ಗೊತ್ತಾಗಿ, ಹೇಳಲು ಫೋನಿನವರೆಗೆ ಬಂದು ಬಿದ್ದಿದ್ದ.

"ಎಷ್ಟೊತ್ತಿಂದ ಹೀಗೆ ಕೂತಿದೀಯೋ?"

"ಸೈ... ರನ್."

ಎರಡು ಗಂಟೆ. ಎತ್ತಲು ಬಗ್ಗಿದಳು. ಮೊಣಕಾಲು ಒಪ್ಪಲಿಲ್ಲ. ಎತ್ತುವ ಬದಲು ಅವನ ಪಕ್ಕದಲ್ಲೇ ಕುಸಿದು ಕೂತಳು, ಬಾಗಿಲಿಗೆ ಒರಗಿ. ಅವನ ಕಾಲನ್ನು ಅಡಿಯಿಂದ ಬಿಡಿಸಿ ನೆಟ್ಟಗೆ ಮಾಡಿದಳು. ಜೇಬಿನಿಂದ ಮೂರು ತೆಗೆದು ನೆಲದ ಮೇಲಿಟ್ಟು, ಅವನ ಅಂಗೈಯಲ್ಲಿದ್ದದ್ದನ್ನು ಪಕ್ಕಕ್ಕಿಟ್ಟಳು.

"ನಾಲ್ಕು," ಎಂದಳು. "ಜೊಲೀನ್‌ಗೆ ಏನೂ ಆಗಿಲ್ಲ. ಯಾರಿಗೂ ಏನೂ ಆಗಿಲ್ಲ."

ಅವನು ತಲೆಯಾಡಿಸಿದ. ಆಮೇಲೆ ಅವಳು ಏಪ್ರಿಲಿನ ನೀರಿನ ಕಥೆ ಹೇಳಿದಳು, ಮುಖ ನೋಡದೆ, ಎದುರಿನ ಒಲೆಯನ್ನು ನೋಡುತ್ತ. ನಿನ್ನ ನಿಯಮ ಮುರಿದವಳು ನಾನೇ ಎಂದಳು. ಇನ್ನೊಂದು ಸಲ ಮೆಟ್ಟಿಲು ಇಳಿದು ಹತ್ತೋಕೆ ಆಗಲಿಲ್ಲ ರೂಬೆನ್, ಅಷ್ಟೇ, ಬೇರೆ ಏನೂ ಇಲ್ಲ ಎಂದಳು.

ಅವನ ಅರ್ಧ ಬಾಯಿ ಮತ್ತೆ ಒದ್ದಾಡಿತು. ಬೈಯಲು ಮಾತು ಹುಡುಕುತ್ತಿದ್ದಾನೆ ಎಂದುಕೊಂಡಳು.

"ಒಬ್... ಳೇನಾ?" ಎಂದ.

"ಏನು?"

"ನೀರು... ಪೆಟ್ಟಿಗೆ... ಎಲ್ಲಾ. ಒಬ್ಳೇನಾ?"

"ಇನ್ಯಾರಿದ್ರು? ಒಬ್ಳೇ."

ಅವನ ಸರಿಯಿದ್ದ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಎತ್ತಿದ ಎಡಗೈಯನ್ನು ಅರ್ಧದಲ್ಲೇ ತಿರುಗಿಸಿ ಅವಳ ಊದಿದ ಮೊಣಕಾಲಿನ ಮೇಲಿಟ್ಟ. "ಸಾಕು," ಎಂದ. ಬೆನ್ನ ಹಿಂದಿನ ನೆಲಮಾಳಿಗೆಯ ಬಾಗಿಲಿಗೆ ತಲೆಯಿಂದ ಎರಡು ಸಲ ಕುಟ್ಟಿ ತೋರಿಸಿದ. "ಕೆಳಗಿಂದು. ಎಲ್ಲಾ... ತೆಗಿ."

ಮೂವತ್ತು ವರ್ಷ ಅವಳು ಕಾದಿದ್ದ ಮಾತು. ಬಂದರೆ ಹಗುರಾಗಬಹುದು ಎಂದುಕೊಂಡಿದ್ದಳು. ಬಂತು, ಅವಳ ತಲೆಗೆ ಮೊದಲು ಹೊಳೆದದ್ದು ಹದಿನಾಲ್ಕು ಮೆಟ್ಟಿಲು, ಮತ್ತು ಇಳಿಸಿದ್ದನ್ನೆಲ್ಲ ಈಗ ಹತ್ತಿಸಬೇಕು ಎಂಬುದು.

"ಯಾರೋ ಹೊರೋದು ಅದನ್ನೆಲ್ಲ?" ಎಂದಳು.

ರೂಬೆನ್ ಯೋಚಿಸಿದ. "ಡೆಲ್... ಬರ್ಟ್," ಎಂದ. "ಹಕ್ಕಿ ಇಲ್ವಲ್ಲ... ಇವತ್ತು ಅವನಿಗೆ."

ಅವಳಿಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಹೊರಗೆ ಪಿಕಪ್ಪಿನ ಸದ್ದಾಯಿತು, ಜೊಲೀನ್ ಬಂದಳೆಂದು ಇಬ್ಬರಿಗೂ ಗೊತ್ತಾಯಿತು. ಬಾಗಿಲು ತೆರೆಯಲು ಏಳಬೇಕೆಂದು ಆಲ್ವಿನಾ ಒಂದು ಕೈ ಊರಿ ನೋಡಿದಳು. ಆಗಲಿಲ್ಲ. ಅವಳೇ ತೆರೆದುಕೊಂಡು ಬರಲಿ ಎಂದು ಅಲ್ಲೇ ಕೂತಳು.